ಚಿತ್ರ ಮೊದಲು, ಸೂತ್ರ ಕೊನೆಗೆ: ಕಾಂತತ್ವ ಮತ್ತು ಪ್ರೇರಣೆಯ ಲೆಕ್ಕಗಳಿಗೆ ಹಂತಹಂತದ ಮಾರ್ಗದರ್ಶಿ

ವಿಜಯಪುರದಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಭೌತಶಾಸ್ತ್ರ ಹೇಳಿಕೊಡುವ ನನಗೆ ವಿದ್ಯುತ್ಕಾಂತೀಯ ಪ್ರೇರಣೆಯ (ಕಾಂತಕ್ಷೇತ್ರದ ಬದಲಾವಣೆಯಿಂದಲೋ ಅದರೊಳಗಿನ ಚಲನೆಯಿಂದಲೋ ವಿದ್ಯುತ್ತು ಹುಟ್ಟುವ) ಪಾಠ ಬಂತೆಂದರೆ ಕೆಂಪು ಪೆನ್ನಿನ ಖರ್ಚು ಹೆಚ್ಚು. ಮೊನ್ನೆ ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ ಉತ್ತರ ಹೀಗಿತ್ತು: "ಇಎಂಎಫ್ = −4 ವೋಲ್ಟ್. ಮೈನಸ್ ಬಂದಿರುವುದರಿಂದ ಪ್ರವಾಹ ಅಪ್ರದಕ್ಷಿಣ." ಇಎಂಎಫ್ ಎಂದರೆ ಸುರುಳಿಯಲ್ಲಿ ಪ್ರವಾಹವನ್ನು ಹರಿಸುವ ವೋಲ್ಟೇಜ್. ನಾಲ್ಕು ಸರಿಯಾಗಿತ್ತು. ಅದರ ಹಿಂದಿನ ಗೀಟೂ ಮುಂದಿನ ವಾಕ್ಯವೂ ಬರೀ ಊಹೆ. "ಸುರುಳಿಯನ್ನು ಯಾವ ಕಡೆಯಿಂದ ನೋಡುತ್ತಿದ್ದೀಯ ತಮ್ಮಾ?" ಎಂದು ಕೇಳಿದೆ. ಅವನು ಪುಟ ನೋಡಿದ, ನನ್ನನ್ನು ನೋಡಿದ. ಪುಟದಲ್ಲಿ ಸುರುಳಿಯೇ ಇರಲಿಲ್ಲ.

ಈ ಪಾಠದಲ್ಲಿ ಸೋಲುವ ಮಕ್ಕಳಿಗೆ ಸೂತ್ರ ಬಾಯಿಪಾಠ ಇರುತ್ತದೆ. ತಪ್ಪುವುದು ಕೆಲಸದ ಕ್ರಮ. ಪ್ರಶ್ನೆ ಓದಿದ ಕೂಡಲೇ ಸಂಖ್ಯೆಗಳನ್ನು ಸೂತ್ರಕ್ಕೆ ಸುರಿದು, ದಿಕ್ಕನ್ನು ಕೊನೆಯಲ್ಲಿ ಮೈನಸ್ ಚಿಹ್ನೆಯಿಂದ ಹಿಂಡಿ ತೆಗೆಯಲು ನೋಡುತ್ತಾರೆ. ಅದು ಬರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಹತ್ತು ಲೆಕ್ಕಗಳಿಗೆ ಯಾವ ಹಂತವನ್ನೂ ಹಾರಿಸಬೇಡಿ.

## ಕೈಯಲ್ಲಿ ಏನಿರಬೇಕು

ಎರಡು ಬಣ್ಣದ ಪೆನ್ನು, ಒಂದು ಸ್ಕೇಲು, ಗೀಟಿಲ್ಲದ ಹಾಳೆ. ಒಂದು ಬಣ್ಣ ಹೊರಗಿನ ಕಾಂತಕ್ಷೇತ್ರಕ್ಕೆ, ಇನ್ನೊಂದು ಪ್ರೇರಿತವಾದದ್ದಕ್ಕೆ. ಒಂದೇ ಪೆನ್ನಿನಲ್ಲಿ ಎರಡೂ ಬರೆದವರು ಐದು ನಿಮಿಷದ ನಂತರ ತಮ್ಮ ಬಾಣವನ್ನು ತಾವೇ ಗುರುತಿಸಲಾರರು.

ಕ್ಯಾಲ್ಕುಲೇಟರ್ ಬಳಸುವುದಾದರೆ ಅದು ಡಿಗ್ರಿಯಲ್ಲಿದೆಯೇ ನೋಡಿಕೊಳ್ಳಿ. 60ರ ಕೊಸೈನ್ ಒತ್ತಿದಾಗ 0.5 ಬದಲು −0.95 ಬಂದರೆ ಅದು ರೇಡಿಯನ್‌ನಲ್ಲಿ ಕುಳಿತಿದೆ.

## ಹಂತ 1: ಯಾವುದು ಕಾರಣ, ಯಾವುದು ಪರಿಣಾಮ

ಪ್ರಶ್ನೆಯನ್ನು ಎರಡು ಸಲ ಓದಿ ಅಂಚಿನಲ್ಲಿ ಒಂದು ಸಾಲು ಬರೆಯಿರಿ: "ಕೊಟ್ಟಿರುವುದು ಇದು, ಹುಟ್ಟುವುದು ಅದು." ಪ್ರವಾಹ ಕೊಟ್ಟು ಕ್ಷೇತ್ರ ಕೇಳಿದರೆ ಒಂದು ಬಗೆ. ಪ್ರವಾಹ ಮತ್ತು ಕ್ಷೇತ್ರ ಎರಡನ್ನೂ ಕೊಟ್ಟು ಬಲ ಕೇಳಿದರೆ ಇನ್ನೊಂದು. ಚಲನೆಯನ್ನೋ ಬದಲಾಗುವ ಕ್ಷೇತ್ರವನ್ನೋ ಕೊಟ್ಟು ಇಎಂಎಫ್ ಕೇಳಿದರೆ ಮಾತ್ರ ಅದು ಪ್ರೇರಣೆಯ ಲೆಕ್ಕ.

ಮೊದಲ ಬಗೆಯಲ್ಲಿ ಒಂದು ಗೊಂದಲ ತಪ್ಪದೆ ಬರುತ್ತದೆ. ಉದ್ದ ನೇರ ತಂತಿಯ ಸೂತ್ರದಲ್ಲಿ ಛೇದದಲ್ಲಿ 2 ಮತ್ತು ಪೈ ಎರಡೂ ಇವೆ. ವೃತ್ತಾಕಾರದ ಸುರುಳಿಯ ಕೇಂದ್ರದ ಸೂತ್ರದಲ್ಲಿ 2 ಮಾತ್ರ ಇದೆ, ಪೈ ಇಲ್ಲ. "ಸುರುಳಿ ದುಂಡಗಿದೆ, ಹಾಗಾಗಿ ಪೈ ಇರಲೇಬೇಕು" ಎಂದು ಮನಸ್ಸು ಹೇಳುತ್ತದೆ. ಮನಸ್ಸಿನ ಮಾತು ಕೇಳಬೇಡಿ.

## ಹಂತ 2: ಚಿತ್ರ, ಅದರಲ್ಲಿ ನೋಡುವವರ ಕಣ್ಣು

ಪುಟದ ಒಳಗೆ ಹೋಗುವ ಕ್ಷೇತ್ರಕ್ಕೆ × ಗುರುತು, ಹೊರಗೆ ಬರುವುದಕ್ಕೆ ಚುಕ್ಕಿ. ನಿಮ್ಮಿಂದ ದೂರ ಹೋಗುವ ಬಾಣದ ಬಾಲದ ಗರಿ × ಆಗಿ ಕಾಣುತ್ತದೆ, ಎದುರು ಬರುವ ಬಾಣದ ತುದಿ ಚುಕ್ಕಿಯಾಗಿ ಕಾಣುತ್ತದೆ. ಹೀಗೆ ನೆನಪಿಟ್ಟರೆ ಅದಲುಬದಲಾಗುವುದಿಲ್ಲ.

ಮಕ್ಕಳು ಯಾವತ್ತೂ ಬಿಡುವ ಗುರುತು ಒಂದಿದೆ: ಕಣ್ಣು. ಸುರುಳಿಯನ್ನು ಮೇಲಿನಿಂದ ನೋಡುತ್ತಿದ್ದೇವೆಯೋ, ಆಯಸ್ಕಾಂತದ ಕಡೆಯಿಂದಲೋ, ಹಿಂದಿನಿಂದಲೋ ಎಂಬುದನ್ನು ಚಿಕ್ಕ ಕಣ್ಣು ಬರೆದು ತೋರಿಸಿ. ಮೇಲಿನಿಂದ ಪ್ರದಕ್ಷಿಣವಾಗಿ ಹರಿಯುವ ಪ್ರವಾಹ ಕೆಳಗಿನಿಂದ ನೋಡಿದರೆ ಅಪ್ರದಕ್ಷಿಣ. ಕಣ್ಣಿಲ್ಲದೆ "ಪ್ರದಕ್ಷಿಣ" ಎಂದು ಬರೆದ ಉತ್ತರ ಸರಿಯೂ ಅಲ್ಲ, ತಪ್ಪೂ ಅಲ್ಲ. ಅದಕ್ಕೆ ಅರ್ಥವೇ ಇಲ್ಲ.

## ಹಂತ 3: ಮಾನಗಳನ್ನು ಸೂತ್ರಕ್ಕೆ ಮುಂಚೆಯೇ ಬದಲಿಸಿ

ಚದರ ಸೆಂಟಿಮೀಟರನ್ನು ಚದರ ಮೀಟರ್ ಮಾಡಲು 10,000ದಿಂದ ಭಾಗಿಸಬೇಕು, 100ರಿಂದ ಅಲ್ಲ. 50 ಚದರ ಸೆಂಟಿಮೀಟರ್ ಎಂದರೆ 0.005 ಚದರ ಮೀಟರ್. ನಂಬಿಕೆ ಬಾರದಿದ್ದರೆ ಒಂದು ಮೀಟರ್ ಉದ್ದಗಲದ ಚೌಕವನ್ನು ಅಂಗಳದಲ್ಲಿ ಬರೆದು ನೋಡಿ. ಸಾಲಿಗೆ 100 ಚೌಕ, ಅಂಥ 100 ಸಾಲು.

ಒಂದು ಗಾಸ್ ಎಂದರೆ 0.0001 ಟೆಸ್ಲಾ. ವ್ಯಾಸ ಕೊಟ್ಟಿದ್ದರೆ ಅರ್ಧ ಮಾಡಿ ತ್ರಿಜ್ಯ ಬರೆದುಕೊಳ್ಳಿ. ಗಂಟೆಗೆ ಕಿಲೋಮೀಟರ್ ಇದ್ದರೆ 3.6ರಿಂದ ಭಾಗಿಸಿ. ಇಷ್ಟನ್ನೂ ಚಿತ್ರದ ಪಕ್ಕದಲ್ಲೇ ಮುಗಿಸಿ. ಲೆಕ್ಕದ ನಡುವೆ ಮಾನ ಬದಲಿಸಲು ಹೋದವರು ಒಂದನ್ನಾದರೂ ಮರೆಯುತ್ತಾರೆ.

## ಹಂತ 4: ಕೋನ ಯಾವುದರಿಂದ ಅಳೆದದ್ದು?

ಫ್ಲಕ್ಸ್ ಎಂದರೆ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದ ಒಟ್ಟು ಅಳತೆ: ಕ್ಷೇತ್ರ × ವಿಸ್ತೀರ್ಣ × ಕೋನದ ಕೊಸೈನ್. ಈ ಕೋನ ಸುರುಳಿಯ ಸಮತಲದಿಂದ ಅಳೆದದ್ದಲ್ಲ, ಆ ಸಮತಲಕ್ಕೆ ಲಂಬವಾಗಿ ನಿಂತ ರೇಖೆಯಿಂದ ಅಳೆದದ್ದು. ಇಂಗ್ಲಿಷ್ ಪಠ್ಯ ಈ ರೇಖೆಯನ್ನು "ನಾರ್ಮಲ್" ಎನ್ನುತ್ತದೆ. ಸಿಂದಗಿ, ಇಂಡಿ, ಮುಧೋಳ ಕಡೆಯ ಹಳ್ಳಿಗಳಿಂದ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರು ಇಲ್ಲಿ ಎಡವುವುದನ್ನು ನಾನು ಬಹಳ ನೋಡಿದ್ದೇನೆ. ಒಬ್ಬಳು "ನಾರ್ಮಲ್ ಕೋನ ಅಂದರೆ ಮಾಮೂಲಿ ಕೋನ ಅಂದುಕೊಂಡೆ, ಸರ್" ಎಂದಳು. ನಕ್ಕವರಲ್ಲಿ ಇಬ್ಬರೂ ಅದೇ ತಪ್ಪು ಮಾಡಿದ್ದರು.

ಹೀಗೆ ಮಾಡಿ. ಅಂಗೈಯನ್ನು ಸುರುಳಿ ಎಂದುಕೊಳ್ಳಿ. ಬೆರಳ ಸಂದಿಯಲ್ಲಿ ಪೆನ್ನನ್ನು ಅಂಗೈಗೆ ನೆಟ್ಟಗೆ ನಿಲ್ಲಿಸಿ. ಪೆನ್ನೇ ಲಂಬರೇಖೆ. ಮೇಜಿನ ಉದ್ದದ ದಿಕ್ಕಿಗೆ ಕ್ಷೇತ್ರ ಇದೆ ಎಂದುಕೊಂಡು ಕೈ ತಿರುಗಿಸಿ. ಪೆನ್ನು ಕ್ಷೇತ್ರದ ದಿಕ್ಕಿಗೇ ಇದ್ದಾಗ ಅಂಗೈಯ ಮೂಲಕ ಹಾಯುವ ಫ್ಲಕ್ಸ್ ಗರಿಷ್ಠ, ಪೆನ್ನು ಅಡ್ಡವಾದಾಗ ಸೊನ್ನೆ.

ಎಚ್ಚರಿಕೆಯ ಮಾತುಗಳಿವು: ಪ್ರಶ್ನೆಯಲ್ಲಿ "ಸುರುಳಿಯ ಸಮತಲವು ಕ್ಷೇತ್ರದೊಂದಿಗೆ 30 ಡಿಗ್ರಿ" ಎಂದಿದ್ದರೆ ನಿಮ್ಮ ಕೋನ 60. "ಸುರುಳಿಯ ಅಕ್ಷ" ಎಂದಿದ್ದರೆ ಕೊಟ್ಟ ಕೋನವೇ ಸರಿ, ಏಕೆಂದರೆ ಅಕ್ಷವೂ ಲಂಬರೇಖೆಯೂ ಒಂದೇ. "ಸಮತಲ" ಎಂಬ ಪದ ಕಂಡ ಕೂಡಲೇ ಅದರ ಕೆಳಗೆ ಗೀಟು ಎಳೆಯಿರಿ.

## ಹಂತ 5: ಮೊದಲಿನ ಫ್ಲಕ್ಸ್, ನಂತರದ ಫ್ಲಕ್ಸ್

ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯಿರಿ. ನೇರವಾಗಿ "ಬದಲಾವಣೆ" ಬರೆಯಲು ಹೋಗಬೇಡಿ.

ಆ ಹುಡುಗನ ಲೆಕ್ಕವನ್ನೇ ತೆಗೆದುಕೊಳ್ಳಿ. 200 ಸುತ್ತಿನ ಸುರುಳಿ, ವಿಸ್ತೀರ್ಣ 50 ಚದರ ಸೆಂಟಿಮೀಟರ್, ಕ್ಷೇತ್ರ 0.4 ಟೆಸ್ಲಾ, ಸಮತಲವು ಕ್ಷೇತ್ರಕ್ಕೆ ಲಂಬ. 0.2 ಸೆಕೆಂಡಿನಲ್ಲಿ ಸುರುಳಿಯನ್ನು ಮಗುಚಿ ಹಾಕಲಾಗುತ್ತದೆ, ಅಂದರೆ 180 ಡಿಗ್ರಿ.

ಮೊದಲಿನ ಫ್ಲಕ್ಸ್, ಒಂದು ಸುತ್ತಿಗೆ: 0.4 × 0.005 = 0.002 ವೆಬರ್.
ನಂತರದ ಫ್ಲಕ್ಸ್: −0.002 ವೆಬರ್.
ಬದಲಾವಣೆಯ ಪ್ರಮಾಣ: 0.004 ವೆಬರ್.
200 ಸುತ್ತಿಗೆ: 0.8 ವೆಬರ್.
ಸರಾಸರಿ ಇಎಂಎಫ್: 0.8 ÷ 0.2 = 4 ವೋಲ್ಟ್.

ಇಲ್ಲಿ ಮೂರು ಗುಂಡಿಗಳಿವೆ. "ಮಗುಚಿದರೂ ಸುರುಳಿ ಅದೇ ಸ್ಥಿತಿಗೆ ಬಂತಲ್ಲ" ಎಂದು ಬದಲಾವಣೆಯನ್ನು ಸೊನ್ನೆ ಮಾಡುವವರಿದ್ದಾರೆ. ಆದರೆ ಸುರುಳಿಗೆ ಅಂಟಿದ ಪೆನ್ನು ಸುರುಳಿಯ ಜೊತೆಗೇ ತಿರುಗಿದೆ. ಈಗ ಅದು ಕ್ಷೇತ್ರಕ್ಕೆ ಎದುರಾಗಿದೆ. ಎರಡನೆಯ ಗುಂಡಿ ಸುತ್ತುಗಳ ಸಂಖ್ಯೆಯನ್ನು ಮರೆಯುವುದು. ಆಗ ಉತ್ತರ 0.02 ವೋಲ್ಟ್ ಬಂದು ಸುಮ್ಮನೆ ಕೂರುತ್ತದೆ, ಎಲ್ಲೂ ಸದ್ದು ಮಾಡುವುದಿಲ್ಲ. ಮೂರನೆಯದು 90 ಡಿಗ್ರಿ ತಿರುಗಿಸಿದ ಲೆಕ್ಕಕ್ಕೂ ಇದೇ ಉತ್ತರ ಬರೆಯುವುದು. ಅಲ್ಲಿ ಫ್ಲಕ್ಸ್ 0.002ರಿಂದ ಸೊನ್ನೆಗೆ ಇಳಿಯುತ್ತದೆ ಅಷ್ಟೆ, ಹಾಗಾಗಿ ಅದೇ ಸಮಯದಲ್ಲಿ 2 ವೋಲ್ಟ್.

ಮುಂದುವರಿದು ಹರಿದ ವಿದ್ಯುದಾವೇಶ ಕೇಳಿದರೆ ಹೆದರಬೇಡಿ. ರೋಧ 20 ಓಮ್ ಇದ್ದರೆ 0.8 ÷ 20 = 0.04 ಕೂಲಂಬ್. ಸಮಯ ಇಲ್ಲಿ ಬರುವುದೇ ಇಲ್ಲ. ಸುರುಳಿಯನ್ನು ನಿಧಾನ ಮಗುಚಿದರೂ ಅಷ್ಟೇ ಆವೇಶ ಹರಿಯುತ್ತದೆ. ತಾಳೆ ನೋಡಿ: ಸರಾಸರಿ ಪ್ರವಾಹ 0.2 ಆಂಪಿಯರ್, ಅದು ಹರಿದದ್ದು 0.2 ಸೆಕೆಂಡ್, ಗುಣಿಸಿದರೆ 0.04.

## ಹಂತ 6: ದಿಕ್ಕನ್ನು ಲೆಂಜ್ ನಿಯಮದಿಂದ ತೆಗೆಯಿರಿ, ಮೈನಸ್ಸಿನಿಂದಲ್ಲ

ಫ್ಯಾರಡೆ ನಿಯಮದ (ಇಎಂಎಫ್ = − ಸುತ್ತುಗಳು × ಫ್ಲಕ್ಸ್ ಬದಲಾವಣೆ ÷ ಸಮಯ) ಮೈನಸ್ ಚಿಹ್ನೆಗೆ ಅರ್ಥ ಬರುವುದು ನೀವು ಲಂಬರೇಖೆಯ ದಿಕ್ಕನ್ನು ಮೊದಲೇ ಆರಿಸಿದ್ದರೆ ಮಾತ್ರ. ಆರಿಸದೆ ಬರೆದ ಮೈನಸ್ ಅಲಂಕಾರ. ಆದ್ದರಿಂದ ಪ್ರಮಾಣವನ್ನು ಚಿಹ್ನೆಯಿಲ್ಲದೆ ಹಿಂದಿನ ಹಂತದಲ್ಲಿ ಮುಗಿಸಿ, ದಿಕ್ಕಿಗೆ ಬೇರೆ ನಾಲ್ಕು ಸಾಲು ಬರೆಯುವುದೇ ನನ್ನ ಪದ್ಧತಿ:

1. ಸುರುಳಿಯ ಮೂಲಕ ಹೊರಗಿನ ಕ್ಷೇತ್ರ ಯಾವ ದಿಕ್ಕಿಗಿದೆ?
2. ಫ್ಲಕ್ಸ್ ಹೆಚ್ಚುತ್ತಿದೆಯೋ, ಕಡಿಮೆಯಾಗುತ್ತಿದೆಯೋ?
3. ಹೆಚ್ಚುತ್ತಿದ್ದರೆ ಪ್ರೇರಿತ ಕ್ಷೇತ್ರ ಎದುರು ದಿಕ್ಕಿಗೆ, ಕಡಿಮೆಯಾಗುತ್ತಿದ್ದರೆ ಅದೇ ದಿಕ್ಕಿಗೆ.
4. ಬಲಗೈ ಹೆಬ್ಬೆರಳನ್ನು ಪ್ರೇರಿತ ಕ್ಷೇತ್ರದ ದಿಕ್ಕಿಗೆ ಹಿಡಿದರೆ ಮಡಚಿದ ಬೆರಳುಗಳು ಪ್ರವಾಹದ ದಿಕ್ಕು.

ಮೇಜಿನ ಮೇಲೆ ಉಂಗುರ ಮಲಗಿದೆ, ಮೇಲಿನಿಂದ ಆಯಸ್ಕಾಂತದ ಉತ್ತರ ಧ್ರುವ ಇಳಿದು ಬರುತ್ತಿದೆ. ಕ್ಷೇತ್ರ ಕೆಳಮುಖ. ಹೆಚ್ಚುತ್ತಿದೆ. ಪ್ರೇರಿತ ಕ್ಷೇತ್ರ ಮೇಲ್ಮುಖ. ಮೇಲಿನಿಂದ ನೋಡಿದರೆ ಪ್ರವಾಹ ಅಪ್ರದಕ್ಷಿಣ. ಈಗ ಅದೇ ಆಯಸ್ಕಾಂತವನ್ನು ಮೇಲಕ್ಕೆ ಎಳೆಯಿರಿ. ಕ್ಷೇತ್ರ ಈಗಲೂ ಕೆಳಮುಖವೇ. ಬದಲಾದದ್ದು ಎರಡನೆಯ ಸಾಲು. ಕಡಿಮೆಯಾಗುತ್ತಿದೆ, ಆದ್ದರಿಂದ ಪ್ರೇರಿತ ಕ್ಷೇತ್ರವೂ ಕೆಳಮುಖ, ಪ್ರವಾಹ ಪ್ರದಕ್ಷಿಣ.

ತರಗತಿ ಮುಗ್ಗರಿಸುವುದು ಇಲ್ಲೇ. "ಲೆಂಜ್ ನಿಯಮ ಫ್ಲಕ್ಸನ್ನು ವಿರೋಧಿಸುತ್ತದೆ" ಎಂದು ಕಲಿತವರು ಎರಡೂ ಸಲ ಪ್ರೇರಿತ ಕ್ಷೇತ್ರವನ್ನು ಮೇಲಕ್ಕೇ ಬರೆಯುತ್ತಾರೆ. ವಿರೋಧ ಇರುವುದು ಬದಲಾವಣೆಗೆ. ಸುರುಳಿಯನ್ನು ಹಟಮಾರಿ ಮುದುಕನಂತೆ ಊಹಿಸಿಕೊಳ್ಳಿ: ಬಂದವರನ್ನು "ಯಾಕೆ ಬಂದಿರಿ" ಎನ್ನುತ್ತಾನೆ, ಹೊರಟವರನ್ನು "ಯಾಕೆ ಹೊರಟಿರಿ" ಎಂದು ತಡೆಯುತ್ತಾನೆ.

ದಿಕ್ಕು ಸರಿಯೇ ಎಂದು ತಿಳಿಯಲು ಶಕ್ತಿಯ ಕಡೆಯಿಂದಲೂ ನೋಡಬಹುದು. ನಿಮ್ಮ ಉತ್ತರದ ಪ್ರಕಾರ ಹತ್ತಿರ ಬರುವ ಆಯಸ್ಕಾಂತವನ್ನು ಉಂಗುರ ತನ್ನತ್ತ ಎಳೆದುಕೊಳ್ಳುತ್ತಿದ್ದರೆ ದಿಕ್ಕು ತಪ್ಪಿದೆ. ಹಾಗಾದರೆ ಯಾರೂ ತಳ್ಳದೆ ಆಯಸ್ಕಾಂತದ ವೇಗವೂ ಹೆಚ್ಚಿ, ಪ್ರವಾಹವೂ ಹೆಚ್ಚಿ, ಬಿಟ್ಟಿ ವಿದ್ಯುತ್ತು ಬರಬೇಕಾಗುತ್ತದೆ.

ಮೋಟಾರಿನ ಲೆಕ್ಕದಲ್ಲೂ ಇದೇ ವಿರೋಧ. 24 ವೋಲ್ಟ್ ಪೂರೈಕೆಯ, 2 ಓಮ್ ರೋಧದ ಡಿಸಿ ಮೋಟಾರ್ ಓಡುವಾಗ 2 ಆಂಪಿಯರ್ ಎಳೆಯುತ್ತದೆ ಎನ್ನಿ. ತಿರುಗುವ ಸುರುಳಿಯಲ್ಲೇ ಹುಟ್ಟಿ ಪೂರೈಕೆಯನ್ನು ವಿರೋಧಿಸುವ ಎದುರು ಇಎಂಎಫ್ 24 − (2 × 2) = 20 ವೋಲ್ಟ್. ಶುರುವಾಗುವ ಕ್ಷಣದಲ್ಲಿ ತಿರುಗುವಿಕೆ ಇಲ್ಲ, ಎದುರು ಇಎಂಎಫ್ ಸೊನ್ನೆ, ಪ್ರವಾಹ 12 ಆಂಪಿಯರ್. ತಿರುಗಲಾರದೆ ನಿಂತ ಮೋಟಾರ್ ಬಿಸಿಯಾಗಿ ಸುಡುವುದು ಏಕೆ ಎಂಬುದಕ್ಕೆ ಉತ್ತರ ಈ ಎರಡು ಸಂಖ್ಯೆಗಳ ನಡುವೆ ಇದೆ. ಬೋರ್‌ವೆಲ್ ಪಂಪಿನ ಎಸಿ ಮೋಟಾರಿನ ಒಳಗಿನ ವಿವರ ಬೇರೆ, ಆದರೆ ಮರಳು ಸಿಕ್ಕಿ ರೋಟರ್ ನಿಂತಾಗ ಪ್ರವಾಹ ಏರುವುದು ಅಲ್ಲೂ ಉಂಟು.

## ಹಂತ 7: ಚಲಿಸುವ ತಂತಿ, ಮತ್ತು ಯಾವ ಕೈ

ಕೊಟ್ಟಿರುವ ಪ್ರವಾಹದಿಂದ ಚಲನೆ ಹುಟ್ಟಿದರೆ ಫ್ಲೆಮಿಂಗನ ಎಡಗೈ. ಕೊಟ್ಟಿರುವ ಚಲನೆಯಿಂದ ಪ್ರವಾಹ ಹುಟ್ಟಿದರೆ ಬಲಗೈ. ಎರಡರಲ್ಲೂ ಒಂದಕ್ಕೊಂದು ಲಂಬವಾಗಿ ಬಿಚ್ಚಿದ ಹೆಬ್ಬೆರಳು ಚಲನೆ, ತೋರುಬೆರಳು ಕ್ಷೇತ್ರ, ನಡುಬೆರಳು ಪ್ರವಾಹ. ಹಂತ 1ರಲ್ಲಿ ಕಾರಣ ಬರೆಸಿದ್ದು ಇದಕ್ಕೇ.

ನಿಯಮ ಗೊತ್ತಿದ್ದೂ ತಪ್ಪು ಮಾಡುವವರನ್ನು ಪರೀಕ್ಷೆಯ ಕೋಣೆಯಲ್ಲಿ ಗಮನಿಸಿ. ಬಲಗೈಯಲ್ಲಿ ಪೆನ್ನು ಇರುತ್ತದೆ. ಖಾಲಿ ಇರುವುದು ಎಡಗೈ. ತಾನಾಗಿಯೇ ಎಡಗೈ ಮೇಲೇಳುತ್ತದೆ, ಮೂರು ಬೆರಳು ಬಿಚ್ಚುತ್ತವೆ, ದಿಕ್ಕು ಉಲ್ಟಾ ಆಗುತ್ತದೆ. ಪೆನ್ನು ಕೆಳಗಿಡಿ. ಎಲೆಕ್ಟ್ರಾನ್ ಎಂದು ಪ್ರಶ್ನೆಯಲ್ಲಿದ್ದರೆ ಅದರ ಚಲನೆಗೆ ಎದುರು ದಿಕ್ಕನ್ನು ಪ್ರವಾಹವೆಂದು ಹಿಡಿಯಿರಿ.

ಈಗ ನಮ್ಮೂರಿನ ಲೆಕ್ಕ. ವಿಜಯಪುರದಿಂದ ಬಾಗಲಕೋಟೆ ಕಡೆಗೆ, ಅಂದರೆ ದಕ್ಷಿಣಕ್ಕೆ, ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೊರಟಿದೆ. ಬ್ರಾಡ್‌ಗೇಜ್ ಹಳಿಗಳ ಅಂತರ 1.676 ಮೀಟರ್. ಭೂಮಿಯ ಕಾಂತಕ್ಷೇತ್ರದ ಲಂಬ (ನೆಲಕ್ಕೆ ನೆಟ್ಟಗಿರುವ) ಘಟಕ 0.000015 ಟೆಸ್ಲಾ, ಕೆಳಮುಖ ಎಂದು ತೆಗೆದುಕೊಳ್ಳಿ. ಗಾಲಿಗಳ ಅಚ್ಚಿನ ಎರಡು ತುದಿಗಳ ನಡುವಿನ ಇಎಂಎಫ್ ಎಷ್ಟು?

ವೇಗ 72 ÷ 3.6 = 20 ಮೀಟರ್ ಪ್ರತಿ ಸೆಕೆಂಡಿಗೆ. ಇಎಂಎಫ್ = ಕ್ಷೇತ್ರ × ಉದ್ದ × ವೇಗ = 0.000015 × 1.676 × 20, ಸುಮಾರು 0.0005 ವೋಲ್ಟ್, ಅರ್ಧ ಮಿಲಿವೋಲ್ಟ್. ಬಲಗೈ ಹಿಡಿದು ನೋಡಿ: ಹೆಬ್ಬೆರಳು ದಕ್ಷಿಣಕ್ಕೆ, ತೋರುಬೆರಳು ನೆಲಕ್ಕೆ, ನಡುಬೆರಳು ಪೂರ್ವಕ್ಕೆ. ಅಚ್ಚಿನ ಪೂರ್ವದ ತುದಿ ಧನ.

ಸಮತಲ (ನೆಲಕ್ಕೆ ಸಮಾಂತರವಾದ) ಘಟಕವನ್ನೂ ಕೊಟ್ಟು ದಾರಿ ತಪ್ಪಿಸುವುದು ಪ್ರಶ್ನೆ ಬರೆಯುವವರ ಹಳೆಯ ಚಟ. ನಮ್ಮ ಭಾಗದಲ್ಲಿ ಅದು ಸುಮಾರು 0.00004 ಟೆಸ್ಲಾ, ಲಂಬ ಘಟಕಕ್ಕಿಂತ ದೊಡ್ಡದು, ಹಾಗಾಗಿ ಕಣ್ಣು ಅತ್ತ ಹೋಗುತ್ತದೆ. ಅಚ್ಚು ಮಲಗಿದೆ, ಚಲನೆಯೂ ನೆಲಕ್ಕೆ ಸಮಾಂತರ. ಇವೆರಡಕ್ಕೂ ಲಂಬವಾಗಿರುವುದು ನಿಂತ ಘಟಕ ಮಾತ್ರ. ಚಿತ್ರ ಬರೆದವರಿಗೆ ಇದು ಕಾಣುತ್ತದೆ.

ಇನ್ನೊಂದು ಪದೇಪದೇ ಬರುವ ಪ್ರಶ್ನೆ: 10 ಸೆಂಟಿಮೀಟರ್ ಬದಿಯ ಚೌಕ ಸುರುಳಿ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ, 30 ಸೆಂಟಿಮೀಟರ್ ಅಗಲದ, ಪುಟದೊಳಗೆ ಹೋಗುವ 0.5 ಟೆಸ್ಲಾ ಕ್ಷೇತ್ರವನ್ನು ದಾಟುತ್ತದೆ. ಒಳಬರುವ 0.05 ಸೆಕೆಂಡ್ 0.1 ವೋಲ್ಟ್, ಪ್ರವಾಹ ಅಪ್ರದಕ್ಷಿಣ. ಪೂರ್ತಿ ಒಳಗಿರುವ 0.1 ಸೆಕೆಂಡ್ ಸೊನ್ನೆ. ಹೊರಹೋಗುವ 0.05 ಸೆಕೆಂಡ್ ಮತ್ತೆ 0.1 ವೋಲ್ಟ್, ಪ್ರವಾಹ ಪ್ರದಕ್ಷಿಣ. ನಡುವಿನ ಸೊನ್ನೆಯನ್ನು ಒಪ್ಪಲು ಮನಸ್ಸು ಬರುವುದಿಲ್ಲ. ಚಲನೆ ಇದೆಯಲ್ಲ ಎನಿಸುತ್ತದೆ. ಚಲನೆ ಇದೆ, ಫ್ಲಕ್ಸ್ ಬದಲಾಗುತ್ತಿಲ್ಲ.

## ಹಂತ 8: ತಿರುಗುವ ಸುರುಳಿ

ಜನರೇಟರಿನ ಗರಿಷ್ಠ ಇಎಂಎಫ್ = ಸುತ್ತುಗಳು × ಕ್ಷೇತ್ರ × ವಿಸ್ತೀರ್ಣ × ಕೋನೀಯ ವೇಗ. ಕೋನೀಯ ವೇಗ ರೇಡಿಯನ್‌ನಲ್ಲೇ ಇರಬೇಕು. 50 ಸುತ್ತು, 0.1 ಟೆಸ್ಲಾ, 0.02 ಚದರ ಮೀಟರ್, ನಿಮಿಷಕ್ಕೆ 1500 ಸುತ್ತುವಿಕೆ: ಸೆಕೆಂಡಿಗೆ 25, ಅದನ್ನು 2 ಪೈನಿಂದ ಗುಣಿಸಿದರೆ 157. ಉತ್ತರ 15.7 ವೋಲ್ಟ್. ನಿಮ್ಮ ಪುಟದಲ್ಲಿ 2.5 ಬಂದಿದ್ದರೆ 2 ಪೈ ಮರೆತಿದ್ದೀರಿ. 150 ಬಂದಿದ್ದರೆ ನಿಮಿಷವನ್ನೂ ಮರೆತಿದ್ದೀರಿ.

ಇಎಂಎಫ್ ಗರಿಷ್ಠವಾಗುವುದು ಫ್ಲಕ್ಸ್ ಸೊನ್ನೆಯಾಗುವ ಕ್ಷಣದಲ್ಲಿ. ಇದನ್ನು ಅದಲುಬದಲು ಬರೆಯದವರು ಅಪರೂಪ.

ಸುರುಳಿಯ ಬದಲು ಆಯಸ್ಕಾಂತ ತಿರುಗಿದರೂ ಲೆಕ್ಕ ಅದೇ. ಆಲಮಟ್ಟಿಯ 290 ಮೆಗಾವಾಟ್ ವಿದ್ಯುದಾಗಾರದಂಥ ಕಡೆ ಕೃಷ್ಣೆಯ ನೀರು ತಿರುಗಿಸುವುದು ವಿದ್ಯುತ್ಕಾಂತಗಳನ್ನು. ವಿದ್ಯುತ್ತು ಹುಟ್ಟುವ ಸುರುಳಿಗಳು ಸುತ್ತಲೂ ಸ್ಥಿರವಾಗಿ ನಿಂತಿರುತ್ತವೆ.

## ಹಂತ 9: ಉತ್ತರಕ್ಕೆ ಬುದ್ಧಿ ಇದೆಯೇ?

ಅಳತೆಗೋಲು ಕೆಲವು ತಲೆಯಲ್ಲಿರಲಿ. ಭೂಮಿಯ ಕ್ಷೇತ್ರದ ಸಮತಲ ಘಟಕ ಸುಮಾರು 0.00004 ಟೆಸ್ಲಾ. 5 ಆಂಪಿಯರ್ ಹರಿಯುವ ನೇರ ತಂತಿಯಿಂದ 10 ಸೆಂಟಿಮೀಟರ್ ದೂರದಲ್ಲಿ 0.00001 ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ. ಒಂದು ತಂತಿಯ ಲೆಕ್ಕದಲ್ಲಿ 50 ಟೆಸ್ಲಾ ಬಂದರೆ ಹಂತ 3ಕ್ಕೆ ವಾಪಸ್ ಹೋಗಿ.

## ಕೈಯಾರೆ ನೋಡಬೇಕೆನ್ನುವವರಿಗೆ

ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಉಳಿದ ತಾಮ್ರದ ತಂತಿ ಕೇಳಿ ತನ್ನಿ. ಪಿವಿಸಿ ಪೈಪಿನ ತುಂಡಿಗೆ 200 ಸುತ್ತು ಸುತ್ತಿ. ಎರಡೂ ತುದಿಯನ್ನು ಬ್ಲೇಡಿನಿಂದ ಹೊಳೆಯುವವರೆಗೆ ಕೆರೆಯಿರಿ. ತಂತಿಯ ಮೇಲಿನ ಕಂದು ಲೇಪ ನಿರೋಧಕ. ಅದನ್ನು ಕೆರೆಯದೆ "ಪ್ರಯೋಗವೇ ಸುಳ್ಳು" ಎಂದವರನ್ನು ಕಂಡಿದ್ದೇನೆ. ತುದಿಗಳನ್ನು ಮಲ್ಟಿಮೀಟರಿನ 200 ಮಿಲಿವೋಲ್ಟ್ ಡಿಸಿಗೆ ಜೋಡಿಸಿ, ಪೈಪಿನೊಳಗೆ ಹೋಗುವಷ್ಟು ಚಿಕ್ಕ ಆದರೆ ಬಲವಾದ ಆಯಸ್ಕಾಂತವನ್ನು ರಪ್ಪನೆ ಒಳಗೆ ತಳ್ಳಿ, ಹೊರಗೆ ಎಳೆಯಿರಿ. ಡಿಜಿಟಲ್ ಮೀಟರಿನ ಅಂಕಿ ಕುಣಿಯುತ್ತದೆ, ಅದನ್ನು ನಂಬಬೇಡಿ. ಚಿಹ್ನೆ ಬದಲಾಗುವುದನ್ನು ನೋಡಿ. ಮುಳ್ಳಿನ ಮೀಟರ್ ಸಿಕ್ಕರೆ ಇನ್ನೂ ಚೆನ್ನ. ಆಯಸ್ಕಾಂತವನ್ನು ಒಳಗೇ ಬಿಟ್ಟರೆ ಮೀಟರ್ ಸೊನ್ನೆಗೆ ಬರುತ್ತದೆ.

ಈ ಸುರುಳಿಯನ್ನು ಯಾವ ಕಾರಣಕ್ಕೂ ಗೋಡೆಯ ಸಾಕೆಟ್ಟಿಗೆ ಜೋಡಿಸಬೇಡಿ. ಅಲ್ಲಿರುವುದು 230 ವೋಲ್ಟ್.

## ಎರಡು ಅಭ್ಯಾಸ ಲೆಕ್ಕ

ಮೊದಲನೆಯದು ಸುಲಭ. ಅದೇ ರೈಲು ಬಾಗಲಕೋಟೆಯಿಂದ ವಿಜಯಪುರಕ್ಕೆ ಅದೇ ವೇಗದಲ್ಲಿ ಮರಳಿದರೆ ಅಚ್ಚಿನ ಯಾವ ತುದಿ ಧನ? ಉತ್ತರ: ಪಶ್ಚಿಮದ್ದು.

ಎರಡನೆಯದಕ್ಕೆ ಸಮಯ ತೆಗೆದುಕೊಳ್ಳಿ. ಹಳಿಯ ಪಕ್ಕ ನೆಲದ ಮೇಲೆ ನಿಂತವನೊಬ್ಬ ಎರಡು ಹಳಿಗಳ ನಡುವೆ ಸೂಕ್ಷ್ಮ ಮೀಟರ್ ಜೋಡಿಸಿದ್ದಾನೆ. ಹಳಿಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕವಿಲ್ಲದಂತೆ ಇವೆ ಎಂದುಕೊಳ್ಳಿ. ರೈಲಿನೊಳಗೆ ಕುಳಿತವನೊಬ್ಬ ಅಚ್ಚಿನ ಎರಡು ತುದಿಗೆ ತಂತಿ ಕಟ್ಟಿ ಬೋಗಿಯಲ್ಲೇ ಇನ್ನೊಂದು ಮೀಟರ್ ಇಟ್ಟುಕೊಂಡಿದ್ದಾನೆ. ಯಾರ ಮೀಟರ್ ಎಷ್ಟು ತೋರಿಸುತ್ತದೆ? ಇಬ್ಬರ ಮಂಡಲವನ್ನೂ ಬೇರೆಬೇರೆ ಬಣ್ಣದಲ್ಲಿ ಬರೆಯಿರಿ. ನೆಲದವನ ಮಂಡಲ ಹಳಿ, ಅಚ್ಚು, ಹಳಿ, ಮೀಟರ್; ರೈಲು ಸಾಗಿದಂತೆ ಅದರ ವಿಸ್ತೀರ್ಣ ಬದಲಾಗುತ್ತದೆ, ಅರ್ಧ ಮಿಲಿವೋಲ್ಟ್ ಬರುತ್ತದೆ. ಬೋಗಿಯವನ ಮಂಡಲ ಪೂರ್ತಿಯಾಗಿ ರೈಲಿನ ಜೊತೆಗೇ ಓಡುತ್ತಿದೆ, ಅದರೊಳಗಿನ ಫ್ಲಕ್ಸ್ ಬದಲಾಗುವುದೇ ಇಲ್ಲ. ಅವನ ಮೀಟರಿನಲ್ಲಿ ಸೊನ್ನೆ.